ಕಪ್ಪಿನೊಳಗಿಂದ ಎದ್ದು ಬರುವ ಮುಖ: ಲೋ-ಕೀ ಭಾವಚಿತ್ರಕ್ಕೆ ಯಾವ ತಂತ್ರಾಂಶ?

ಸುತ್ತ ಕತ್ತಲೆ, ನಡುವೆ ಅರ್ಧ ಮುಖದ ಮೇಲೆ ಮಾತ್ರ ಬೆಳಕು. ಲೋ-ಕೀ ಎನ್ನುವ ಇಂಥ ಭಾವಚಿತ್ರ ಮಾಡಬೇಕೆಂಬ ಆಸೆ ಹುಟ್ಟಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಲೈಟ್‌ರೂಮ್‌ಗೆ ತಿಂಗಳು ತಿಂಗಳು ಹಣ ಕಟ್ಟಬೇಕೇ, ಫೋಟೋಶಾಪ್ ಕಲಿಯಬೇಕೇ, ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ಸಾಕೇ, ಇಲ್ಲವೇ ಕೈಯಲ್ಲಿರುವ ಫೋನಿನಲ್ಲೇ ಮುಗಿಸಬಹುದೇ? ಎಲ್ಲರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಆದರೆ ಒಂದೇ ಚಿತ್ರವನ್ನು ಇವೆಲ್ಲದರಲ್ಲೂ ಮಾಡಿ ನೋಡಿದರೆ ಯಾವುದು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ನಾನು ಮಾಡಿದ್ದು ಅದನ್ನೇ.

ಚಿತ್ರ ನನ್ನ ಅಜ್ಜಿಯದು. ಮಲೆನಾಡಿನ ಹಳೆಯ ಅಡುಗೆಮನೆ, ಹೆಂಚಿನ ಮಾಡು, ಅದರಲ್ಲಿ ಒಂದೇ ಒಂದು ಗಾಜಿನ ಹೆಂಚು. ಬೆಳಗಿನ ಹತ್ತು ಗಂಟೆಯ ಬಿಸಿಲು ಅಲ್ಲಿಂದ ಓರೆಯಾಗಿ ಇಳಿದು ಅವರ ಎಡಗೆನ್ನೆ, ಮೂಗುತಿ ಮತ್ತು ಹಣೆಯ ಮೇಲಿನ ಬಿಳಿ ಕೂದಲಿಗೆ ತಾಗಿತ್ತು. ಹಿಂದಿನ ಗೋಡೆ ಹೊಗೆ ಕುಡಿದು ಕಪ್ಪಾಗಿತ್ತು. ಇಷ್ಟೇ ಇದ್ದಿದ್ದರೆ ತಂತ್ರಾಂಶದ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಬಲಗಡೆ ಸ್ಟೀಲ್ ಡಬ್ಬಿಗಳ ಸಾಲು ಮಿನುಗುತ್ತಿತ್ತು, ಅದರ ಕೆಳಗೆ ನೀಲಿ ಪ್ಲಾಸ್ಟಿಕ್ ಕೊಡವೊಂದು ಕಣ್ಣಿಗೆ ಹೊಡೆಯುತ್ತಿತ್ತು. ಕ್ಯಾಮೆರಾದ ಹೊಂದಾಣಿಕೆ: ಎಫ್/2, ಸೆಕೆಂಡಿನ 1/125 ಭಾಗ, ಐಎಸ್‌ಒ 800, 14 ಬಿಟ್‌ನ ರಾ ಫೈಲ್ (ಕ್ಯಾಮೆರಾ ಹಿಡಿದ ಬೆಳಕಿನ ಮಾಹಿತಿಯನ್ನು ತಿದ್ದದೆ ಉಳಿಸುವ ಫೈಲು). ಡಬ್ಬಿ, ಕೊಡಗಳನ್ನು ಕತ್ತಲಿಗೆ ಸೇರಿಸಬೇಕು, ಗೋಡೆಯ ಹೊಗೆಯ ಕಲೆ ಮಾತ್ರ ತುಸು ಉಳಿಯಬೇಕು, ಅಜ್ಜಿಯ ಕೂದಲಿನ ಎಳೆಗಳು ಕಪ್ಪಿನ ಎದುರು ಒಂದೊಂದಾಗಿ ಕಾಣಬೇಕು. ಪರೀಕ್ಷೆ ಅಷ್ಟೇ.

ಹೋಲಿಸುವ ಮುನ್ನ ಒಂದು ಮಾತು ಹೇಳಲೇಬೇಕು. ಲೋ-ಕೀ ಎಂದರೆ ಚಿತ್ರವನ್ನು ಕಪ್ಪಾಗಿಸುವುದು ಎಂದು ತಿಳಿದು ಎಕ್ಸ್‌ಪೋಷರ್ ಇಳಿಸಿ ನಿರಾಶರಾದವರನ್ನು ಬಹಳ ನೋಡಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಇಳಿಸಿದರೆ ಸಿಗುವುದು ಮಂಕು. ಬೆಳಕು ಎಲ್ಲಿ ಉಳಿಯಬೇಕು ಎಂದು ಮೊದಲು ಗೊತ್ತುಮಾಡಿಕೊಂಡು, ಉಳಿದದ್ದನ್ನು ಅದರಿಂದ ದೂರ ಸರಿಸಬೇಕು. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ನಿರ್ದೇಶಕ ಗುರುದತ್ ಅವರ ಕಪ್ಪು-ಬಿಳುಪು ಚಲನಚಿತ್ರವೊಂದಕ್ಕಾಗಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ ತಂದದ್ದು ಪ್ರಸಿದ್ಧ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ಕತ್ತಲೆಯ ನಡುವೆ ಒಂದೇ ಕೋಲು ಬೆಳಕನ್ನು ತಂದು ನಿಲ್ಲಿಸುವುದು ಅಂದಿನ ಕೆಲಸ. ಇಂದು ತಂತ್ರಾಂಶದಿಂದ ನಾವು ಕೇಳುವುದೂ ಅದನ್ನೇ.

ಅಳೆಯುವುದು ಹೇಗೆ?

ನನ್ನ ಮೊದಲ ಅಳತೆಗೋಲು ಮಾಸ್ಕ್. ಚಿತ್ರದ ಒಂದು ಭಾಗವನ್ನು ಬೇರ್ಪಡಿಸಿ ಅದರ ಬೆಳಕನ್ನಷ್ಟೇ ಏರಿಸಿ ಇಳಿಸಲು ಎಷ್ಟು ಸಲೀಸು, ಅಂಚು ಎಷ್ಟು ನಯ? ಲೋ-ಕೀ ಚಿತ್ರದ ಮುಕ್ಕಾಲು ಪಾಲು ಕೆಲಸ ಇಲ್ಲೇ ಆಗುತ್ತದೆ. ಅಂಚು ಕೆಟ್ಟರೆ ತಲೆಯ ಸುತ್ತ ಬಿಳಿ ಗೆರೆ ಎದ್ದು, ಮುಖವನ್ನು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಎರಡನೆಯದು ನೆರಳಿನ ಗುಣ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾ ಫೈಲಿನಲ್ಲಿ 16,384. ಆ ಮೆಟ್ಟಿಲುಗಳಲ್ಲಿ ಅರ್ಧದಷ್ಟು ಅತ್ಯಂತ ಪ್ರಕಾಶಮಾನವಾದ ಒಂದೇ ಸ್ಟಾಪ್‌ಗೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ ಆಗುವ ಅಂತರ) ಹೋಗುತ್ತವೆ, ನೆರಳಿಗೆ ಉಳಿಯುವುದು ಕೊಸರು ಮಾತ್ರ. ಲೋ-ಕೀ ಚಿತ್ರ ಬದುಕುವುದು ಆ ಕೊಸರಿನಲ್ಲೇ. ಆದ್ದರಿಂದ ತಂತ್ರಾಂಶ ರಾ ಫೈಲನ್ನು ನೇರವಾಗಿ ತೆರೆಯುತ್ತದೆಯೇ, ನೆರಳಿನಲ್ಲಿ ಏಳುವ ಕಾಳುಕಾಳು ಕಲೆಯನ್ನು, ಅಂದರೆ ನಾಯ್ಸನ್ನು, ಹೇಗೆ ನಿಭಾಯಿಸುತ್ತದೆ ಎಂಬುದು ಇಲ್ಲಿ ಮುಖ್ಯ. ಇದರ ಜೊತೆಗೇ ಮೈಬಣ್ಣದ ಮಾತು ಬರುತ್ತದೆ. ಕಾಂಟ್ರಾಸ್ಟ್ ಏರಿಸಿದಂತೆ ನಮ್ಮವರ ಕಂದು ಮೈಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಬೆಳಕಿನ ಏರಿಳಿತವನ್ನೂ ಬಣ್ಣದ ಗಾಢತೆಯನ್ನೂ ಬೇರೆ ಬೇರೆಯಾಗಿ ಹಿಡಿಯಲು ಬರಬೇಕು.

ಮೂರನೆಯದು, ನಾಳೆ ಮನಸ್ಸು ಬದಲಾದರೆ ಹಿಂದಿರುಗುವ ದಾರಿ ಇದೆಯೇ? ರಾತ್ರಿ ಸರಿ ಎನಿಸಿದ ಕಪ್ಪು ಬೆಳಗ್ಗೆ ಅತಿಯಾಯಿತು ಎನಿಸುವುದು ಈ ಕೆಲಸದಲ್ಲಿ ಮಾಮೂಲು. ಕೊನೆಯದು ಹಣ, ಕಂಪ್ಯೂಟರ್, ಕಲಿಯುವ ತಾಳ್ಮೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದವರೇ ನಮ್ಮಲ್ಲಿ ಹೆಚ್ಚು.

ಲೈಟ್‌ರೂಮ್

ಅಜ್ಜಿಯ ಚಿತ್ರಕ್ಕೆ ಇದರಲ್ಲಿ ಹಿಡಿದದ್ದು ಹನ್ನೆರಡು ನಿಮಿಷ. 2021ರ ಅಕ್ಟೋಬರ್‌ನಲ್ಲಿ ಬಂದ ಹೊಸ ಮಾಸ್ಕ್ ವ್ಯವಸ್ಥೆ ಈ ಬಗೆಯ ಚಿತ್ರಗಳ ಕೆಲಸವನ್ನೇ ಬದಲಿಸಿತು. ವ್ಯಕ್ತಿಯನ್ನು ತಾನೇ ಗುರುತಿಸುತ್ತದೆ, ಹಿನ್ನೆಲೆಯನ್ನು ಒಂದೇ ಒತ್ತಿನಲ್ಲಿ ಬೇರ್ಪಡಿಸುತ್ತದೆ, ಮುಖದ ಚರ್ಮ, ಕಣ್ಣು, ಕೂದಲು, ಬಟ್ಟೆಗಳನ್ನೂ ಬೇರೆ ಬೇರೆಯಾಗಿ ಆರಿಸಿಕೊಡುತ್ತದೆ.

ನಾನು ಮಾಡಿದ್ದು ಇಷ್ಟು. ಹಿನ್ನೆಲೆಯ ಮಾಸ್ಕ್ ತೆಗೆದು ಎಕ್ಸ್‌ಪೋಷರ್ ಎರಡು ಸ್ಟಾಪ್ ಇಳಿಸಿದೆ, ಸ್ಯಾಚುರೇಷನ್ (ಬಣ್ಣದ ಗಾಢತೆ) ಅರ್ಧ ಕಳೆದೆ. ನೀಲಿ ಕೊಡ ಅಲ್ಲೇ ಸತ್ತಿತು. ಡಬ್ಬಿಗಳ ಹೊಳಪು ಮಾತ್ರ ಜಗ್ಗಲಿಲ್ಲ. ಅದೇ ಮಾಸ್ಕ್‌ನೊಳಗೆ ಪ್ರಕಾಶದ ಮಿತಿ ಹಾಕಿ ಹೊಳೆಯುವ ಚುಕ್ಕೆಗಳನ್ನಷ್ಟೇ ಹಿಡಿದು ಮತ್ತೆ ಇಳಿಸಿದೆ. ಆಮೇಲೆ ಮುಖದ ಮೇಲೆ ಅಂಡಾಕಾರದ ರೇಡಿಯಲ್ ಮಾಸ್ಕ್, ವ್ಯಕ್ತಿಯ ಮಾಸ್ಕ್ ಜೊತೆ ಅದರ ಛೇದನ, ಕಾಲು ಸ್ಟಾಪ್ ಏರಿಕೆ. ಬೆಳಕು ಗಾಜಿನ ಹೆಂಚಿನಿಂದಲೇ ಬಂದಂತೆ ಉಳಿಯಲಿ ಎಂದು ಮೇಲಿನಿಂದ ಓರೆಯಾಗಿ ಒಂದು ಗ್ರೇಡಿಯಂಟ್.

ಕೂದಲಿನ ಅಂಚಿನಲ್ಲಿ ಮಾತ್ರ ಅದು ಎಡವಿತು. ಹಣೆಯ ಮೇಲೆ ಹಾರಾಡುವ ನಾಲ್ಕಾರು ಬಿಳಿ ಎಳೆಗಳನ್ನು ಹಿನ್ನೆಲೆ ಎಂದು ತಿಳಿದು ಕಪ್ಪಾಗಿಸಿತ್ತು. ಬ್ರಷ್ ಹಿಡಿದು ಅವನ್ನು ಮರಳಿ ಬೆಳಗಿಸಬೇಕಾಯಿತು. ಬಿಳಿ ಕೂದಲಿನ ಹಿರಿಯರ ಚಿತ್ರ ಮಾಡುವವರು ಇದನ್ನು ನೂರಕ್ಕೆ ನೂರು ಹಿಗ್ಗಿಸಿ ನೋಡದೆ ಬಿಡಬಾರದು.

ನೆರಳಿನ ವಿಷಯದಲ್ಲಿ ಲೈಟ್‌ರೂಮ್ ಗಟ್ಟಿ. 2023ರ ಏಪ್ರಿಲ್‌ನಲ್ಲಿ ಬಂದ ಕೃತಕ ಬುದ್ಧಿಮತ್ತೆಯ ನಾಯ್ಸ್ ತೆಗೆಯುವ ಸೌಲಭ್ಯ ಹೆಚ್ಚಿನ ಐಎಸ್‌ಒ ಚಿತ್ರಗಳ ಕತ್ತಲನ್ನು ನಯಗೊಳಿಸುತ್ತದೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ಚಿತ್ರಕ್ಕೆ ಹಲವು ನಿಮಿಷ ಕಾಯಿಸುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಎಲ್ಲ ಬದಲಾವಣೆಗಳೂ ಮೂಲ ಫೈಲಿನಿಂದ ಹೊರಗೆ ಉಳಿಯುವುದರಿಂದ ಯಾವಾಗ ಬೇಕಾದರೂ ಹಿಂದಿರುಗಬಹುದು.

ತೊಡಕು ಹಣದ್ದು. ಒಮ್ಮೆ ಕೊಂಡು ಸದಾ ಇಟ್ಟುಕೊಳ್ಳುವ ಪದ್ಧತಿ 2015ರ ಲೈಟ್‌ರೂಮ್ 6ಕ್ಕೇ ಕೊನೆಯಾಯಿತು. ಈಗ ಚಂದಾ ಕಟ್ಟುತ್ತಲೇ ಇರಬೇಕು, ನಿಲ್ಲಿಸಿದ ದಿನ ತಿದ್ದುವ ಕೆಲಸವೂ ನಿಲ್ಲುತ್ತದೆ. ಮದುವೆ, ಸೀಮಂತಗಳ ಚಿತ್ರ ತೆಗೆದು ಸಂಪಾದಿಸುವವರಿಗೆ ಇದು ಹೊರೆಯಾಗದು, ಏಕೆಂದರೆ ಒಂದು ಚಿತ್ರಕ್ಕೆ ಮಾಡಿದ ಹದವನ್ನು ಅದೇ ಬೆಳಕಿನ ನೂರು ಚಿತ್ರಗಳಿಗೆ ಹಚ್ಚಬಹುದು. ವರ್ಷಕ್ಕೆ ಹತ್ತು ಭಾವಚಿತ್ರ ಮಾಡುವವರಿಗೆ ನಾನು ಇದನ್ನು ಹೇಳಲಾರೆ.

ಫೋಟೋಶಾಪ್

ವೇಗ ಬೇಡ, ಒಂದೇ ಚಿತ್ರವನ್ನು ಕೆತ್ತಿ ಕೆತ್ತಿ ಮುಗಿಸಬೇಕು ಎನ್ನುವವರಿಗೆ ಇದಕ್ಕೆ ಸಮನಾದದ್ದು ಕಡಿಮೆ. ರಾ ಫೈಲು ಮೊದಲು ಕ್ಯಾಮೆರಾ ರಾ ಎಂಬ ಭಾಗದಲ್ಲಿ ತೆರೆದುಕೊಳ್ಳುತ್ತದೆ. ಅದರ ಒಡಲು ಲೈಟ್‌ರೂಮಿನದೇ, ಆದ್ದರಿಂದ ಮೇಲೆ ಹೇಳಿದ ಮಾಸ್ಕ್‌ಗಳೆಲ್ಲ ಅಲ್ಲೂ ಸಿಗುತ್ತವೆ. ನಿಜವಾದ ವ್ಯತ್ಯಾಸ ಒಂದರ ಮೇಲೊಂದು ಇಡುವ ತಿದ್ದುಪಡಿಯ ಪದರಗಳಾದ ಲೇಯರ್‌ಗಳಿಂದ ಶುರುವಾಗುತ್ತದೆ.

ನನ್ನ ಪದ್ಧತಿಯಲ್ಲಿ ಎರಡು ಕರ್ವ್ (ಬೆಳಕಿನ ಮಟ್ಟವನ್ನು ಏರಿಸಿ ಇಳಿಸುವ ವಕ್ರರೇಖೆ) ಲೇಯರ್‌ಗಳಿವೆ. ಒಂದು ಇಡೀ ಚಿತ್ರವನ್ನು ಕತ್ತಲಾಗಿಸುತ್ತದೆ, ಇನ್ನೊಂದು ಬೆಳಗಿಸುತ್ತದೆ. ಎರಡರ ಮಾಸ್ಕ್‌ಗಳನ್ನೂ ಕಪ್ಪಿನಿಂದ ಮುಚ್ಚಿ, ಮೆದು ಬ್ರಷ್ಷಿನ ಹರಿವನ್ನು ನೂರಕ್ಕೆ ಮೂರು ನಾಲ್ಕಕ್ಕೆ ಇಳಿಸಿ, ಬೇಕಾದ ಕಡೆ ಮಾತ್ರ ಬಿಳಿ ಹಚ್ಚುತ್ತಾ ಹೋಗುತ್ತೇನೆ; ಬಿಳಿ ಬಿದ್ದ ಕಡೆ ಮಾತ್ರ ಆ ಲೇಯರಿನ ಪರಿಣಾಮ ಕಾಣುತ್ತದೆ. ಅಜ್ಜಿಯ ಕೆನ್ನೆಯ ಸುಕ್ಕುಗಳಲ್ಲಿ ಬೆಳಕಿನ ಬದಿಗೆ ಒಂದೆರಡು ಎಳೆತ, ನೆರಳಿನ ಬದಿಗೆ ಒಂದೆರಡು. ಮುಖ ನಿಧಾನವಾಗಿ ಉಬ್ಬಿ ಮೇಲೆ ಬರುತ್ತದೆ. ಆ ಎರಡೂ ಲೇಯರ್‌ಗಳ ಬೆರಕೆಯ ಬಗೆಯನ್ನು ಲ್ಯೂಮಿನಾಸಿಟಿಗೆ ಬದಲಿಸಿದರೆ ಬೆಳಕಷ್ಟೇ ಬದಲಾಗುತ್ತದೆ, ಚರ್ಮ ಕೆಂಪಾಗುವುದಿಲ್ಲ. ಈ ಒಂದು ಗುಂಡಿಗಾಗಿಯೇ ಕಂದು ಮೈಬಣ್ಣದ ಭಾವಚಿತ್ರಗಳಿಗೆ ನಾನು ಫೋಟೋಶಾಪ್ ತೆರೆಯುವುದುಂಟು.

ಇಲ್ಲಿ ಒಂದು ಕೋರಿಕೆ. ಕಪ್ಪು ಮೈಬಣ್ಣದವರ ಲೋ-ಕೀ ಚಿತ್ರದಲ್ಲಿ ಮುಖವನ್ನು ಬೆಳ್ಳಗೆ ಮಾಡಲು ಹೋಗಬೇಡಿ. ಆ ಚರ್ಮದ ಮೇಲೆ ಬೆಳಕು ಬಿದ್ದಾಗ ಮೂಡುವ ಹೊಳಪೇ ಚಿತ್ರದ ಜೀವ. ಹೊಳಪನ್ನು ಹೊಳಪಾಗಿ, ಬಣ್ಣವನ್ನು ಬಣ್ಣವಾಗಿ ಉಳಿಸಿಕೊಂಡರೆ ಕತ್ತಲೆಯ ಎದುರು ಆ ಮುಖ ಎಷ್ಟು ಘನವಾಗಿ ನಿಲ್ಲುತ್ತದೆ ಎಂಬುದನ್ನು ಒಮ್ಮೆ ನೋಡಿದವರು ಮತ್ತೆ ಬಿಳುಪಿನ ಕಡೆ ಹೋಗುವುದಿಲ್ಲ.

ಅಜ್ಜಿಯ ಚಿತ್ರಕ್ಕೆ ಐವತ್ತು ನಿಮಿಷ ಬೇಕಾಯಿತು, ಫಲಿತಾಂಶವೂ ಎಲ್ಲಕ್ಕಿಂತ ಮೇಲಿತ್ತು. ಲೈಟ್‌ರೂಮ್ ಮತ್ತು ಫೋಟೋಶಾಪ್ ಎರಡನ್ನೂ ಸೇರಿಸಿ ಕೊಡುವ ಛಾಯಾಗ್ರಹಣದ ಚಂದಾ ಇರುವುದರಿಂದ, ಹಣ ಕಟ್ಟುವುದೇ ಆದರೆ ಒಂದನ್ನೇ ತೆಗೆದುಕೊಳ್ಳುವ ಮೊದಲು ಜೋಡಿಯ ದರವನ್ನು ನೋಡಿ.

ಅಫಿನಿಟಿ

ಫೋಟೋಶಾಪ್‌ನಂತೆಯೇ ಲೇಯರ್‌ಗಳಲ್ಲಿ ಕೆಲಸ ಮಾಡುವ ಅಫಿನಿಟಿಯ ಬಗ್ಗೆ ಎರಡು ವರ್ಷದ ಹಿಂದೆ ಕೇಳಿದ್ದರೆ, ಒಮ್ಮೆ ಹಣ ಕೊಟ್ಟು ಕೊಂಡು ಬಿಡಿ ಎನ್ನುತ್ತಿದ್ದೆ. ಈಗ ಪರಿಸ್ಥಿತಿಯೇ ಬೇರೆ. ಬ್ರಿಟನ್ನಿನ ಸೆರಿಫ್ ಕಂಪನಿಯ ಈ ತಂತ್ರಾಂಶವನ್ನು 2024ರಲ್ಲಿ ಆನ್‌ಲೈನ್ ವಿನ್ಯಾಸದ ಕಂಪನಿ ಕ್ಯಾನ್ವಾ ಕೊಂಡುಕೊಂಡಿತು. 2025ರ ಅಕ್ಟೋಬರ್ ಕೊನೆಯಿಂದ ಅದು ಉಚಿತ, ಕ್ಯಾನ್ವಾದ ಉಚಿತ ಖಾತೆ ಇದ್ದರೆ ಸಾಕು. ಕೃತಕ ಬುದ್ಧಿಮತ್ತೆಯ ಸೌಲಭ್ಯಗಳಿಗೆ ಮಾತ್ರ ಹಣ ಕಟ್ಟಬೇಕು.

ಲೋ-ಕೀ ಕೆಲಸಕ್ಕೆ ಬೇಕಾದ ಕರ್ವ್ ಲೇಯರ್, ಮಾಸ್ಕ್, ಬೆರಕೆಯ ಬಗೆಗಳು, ಪ್ರಕಾಶದ ಮಟ್ಟಕ್ಕೆ ತಕ್ಕಂತೆ ತಾನೇ ರೂಪಗೊಳ್ಳುವ ಮಾಸ್ಕ್ ಎಲ್ಲವೂ ಇವೆ. ಫೋಟೋಶಾಪ್‌ನಲ್ಲಿ ಮಾಡಿದ ಎರಡು ಕರ್ವ್‌ಗಳ ಪದ್ಧತಿಯನ್ನು ಹೆಚ್ಚುಕಡಿಮೆ ಹಾಗೆಯೇ ಇಲ್ಲೂ ಮಾಡಿದೆ. ರಾ ಫೈಲಿನಿಂದ ನೆರಳು ಎತ್ತುವಾಗ ಮಾತ್ರ ಲೈಟ್‌ರೂಮಿನಷ್ಟು ನಯ ಕಾಣಲಿಲ್ಲ, ಗೋಡೆಯ ಹೊಗೆಯ ಕಲೆಯಲ್ಲಿ ನಾಯ್ಸ್ ಒರಟಾಗಿ ಎದ್ದಿತು. ನೂರಾರು ಚಿತ್ರಗಳನ್ನು ಜೋಡಿಸಿಟ್ಟು ಒಟ್ಟಿಗೆ ಹದಗೊಳಿಸುವ ವ್ಯವಸ್ಥೆಯೂ ಇಲ್ಲ. ಬಿಡಿ ಚಿತ್ರಗಳನ್ನು ಮನಸ್ಸಿಟ್ಟು ಮಾಡುವ ವಿದ್ಯಾರ್ಥಿಗಳಿಗೆ, ಹವ್ಯಾಸಿಗಳಿಗೆ ಈಗ ನಾನು ಮೊದಲು ಹೇಳುವ ಹೆಸರು ಇದೇ. ಲಿನಕ್ಸ್ ಬಳಸುವವರು ಮುಂದೆ ಓದಿ.

ಡಾರ್ಕ್‌ಟೇಬಲ್ ಮತ್ತು ಅದರ ಬಂಧುಗಳು

2009ರಿಂದ ಸ್ವಯಂಸೇವಕರು ಕಟ್ಟುತ್ತಾ ಬಂದಿರುವ ಮುಕ್ತ ತಂತ್ರಾಂಶ ಡಾರ್ಕ್‌ಟೇಬಲ್. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಖಾತೆ ಬೇಡ, ಚಂದಾ ಬೇಡ. ಮೊದಲ ಸಲ ತೆರೆದಾಗ ಎದೆ ಧಸಕ್ಕೆನ್ನುತ್ತದೆ: ಹತ್ತಾರು ಮಾಡ್ಯೂಲ್‌ಗಳು, ಒಂದೊಂದರಲ್ಲಿ ಹತ್ತಾರು ಸ್ಲೈಡರ್‌ಗಳು. ನಾನು ದಾರಿ ಕಂಡುಕೊಳ್ಳಲು ಮೂರು ಸಂಜೆ ಬೇಕಾಯಿತು.

ಆದರೂ ಇದರ ಬಗ್ಗೆ ನನಗೆ ವಿಶೇಷ ಅಕ್ಕರೆ ಇದೆ, ಕಾರಣವನ್ನು ಹೇಳುತ್ತೇನೆ. ಇಲ್ಲಿ ಎಕ್ಸ್‌ಪೋಷರ್ ಮಾಡ್ಯೂಲನ್ನು ಎಷ್ಟು ಸಲ ಬೇಕಾದರೂ ತೆರೆದು, ಪ್ರತಿಯೊಂದಕ್ಕೂ ಬೇರೆ ಮಾಸ್ಕ್ ಹಾಕಬಹುದು. ಅದು ಕೆಲಸ ಮಾಡುವುದು ಕ್ಯಾಮೆರಾ ಹಿಡಿದ ಬೆಳಕಿನ ಮೂಲ ಪ್ರಮಾಣದ ಮೇಲೆ. ಅಜ್ಜಿಯ ಹಿಂದಿನ ಗೋಡೆಗೆ ಎರಡು ಸ್ಟಾಪ್ ಇಳಿಸಿದಾಗ, ಗೋಡೆಗೆ ನಿಜವಾಗಿಯೂ ಕಾಲು ಭಾಗದಷ್ಟೇ ಬೆಳಕು ಬಿದ್ದಿದ್ದರೆ ಹೇಗಿರುತ್ತಿತ್ತೋ ಹಾಗೆಯೇ ಕಂಡಿತು. ಬಣ್ಣ ಕದಡಲಿಲ್ಲ, ಬೂದು ಮುಸುಕು ಬರಲಿಲ್ಲ. ಕೊನೆಯಲ್ಲಿ ಫಿಲ್ಮಿಕ್ ಅಥವಾ ಸಿಗ್ಮಾಯ್ಡ್ ಮಾಡ್ಯೂಲ್‌ನಲ್ಲಿ ಕಾಂಟ್ರಾಸ್ಟ್ ಹೊಂದಿಸಿದರೆ ಕಪ್ಪು ಒಮ್ಮೆಲೇ ಕಡಿದು ಬೀಳದೆ ನಿಧಾನವಾಗಿ ಇಳಿಯುತ್ತದೆ.

ನಾನು ಬಳಸಿದ ಆವೃತ್ತಿಯಲ್ಲಿ ವ್ಯಕ್ತಿಯನ್ನು ತಾನೇ ಗುರುತಿಸುವ ಮಾಸ್ಕ್ ಇರಲಿಲ್ಲ. ಪಾತ್ ಎಳೆಯುವ ಉಪಕರಣದಿಂದ ಅಜ್ಜಿಯ ತಲೆ, ಭುಜಗಳ ಸುತ್ತ ಸಡಿಲವಾಗಿ ಗೆರೆ ಹಾಕಿ, ಫೆದರಿಂಗ್ ಎಂಬ ಸ್ಲೈಡರನ್ನು ಏರಿಸಿದೆ. ಅದು ಗೆರೆಯನ್ನು ಚಿತ್ರದ ಅಂಚಿಗೆ ತಾನಾಗಿ ಅಂಟಿಸುತ್ತದೆ. ಲೈಟ್‌ರೂಮ್ ಕಳೆದುಕೊಂಡಿದ್ದ ಆ ನಾಲ್ಕಾರು ಬಿಳಿ ಎಳೆಗಳು ಇಲ್ಲಿ ಬ್ರಷ್ ಮುಟ್ಟದೆಯೇ ಉಳಿದವು. ಈಗ ಇಂಥ ಚಿತ್ರಕ್ಕೆ ಅರ್ಧ ಗಂಟೆ ಸಾಕಾಗುತ್ತದೆ.

ರಾಥೆರಪಿ ಎಂಬ ಇನ್ನೊಂದು ಉಚಿತ ತಂತ್ರಾಂಶ ವಿವರಗಳನ್ನು ಹೊರತೆಗೆಯುವುದರಲ್ಲಿ ನಿಪುಣ. ಚಿತ್ರದ ಒಂದು ಭಾಗವನ್ನಷ್ಟೇ ತಿದ್ದುವ ಸೌಲಭ್ಯ 2022ರ 5.9 ಆವೃತ್ತಿಯಲ್ಲಿ ಬಂದಿದೆಯಾದರೂ ಲೋ-ಕೀ ಕೆಲಸಕ್ಕೆ ನನಗೆ ಅದು ತೊಡಕೆನಿಸಿತು. ಫೋಟೋಶಾಪ್‌ನಂಥ ಉಚಿತ ತಂತ್ರಾಂಶ ಗಿಂಪ್ ರಾ ಫೈಲನ್ನು ತಾನಾಗಿ ತೆರೆಯದೆ ಡಾರ್ಕ್‌ಟೇಬಲ್ ಅಥವಾ ರಾಥೆರಪಿಗೆ ಒಪ್ಪಿಸುತ್ತದೆ. ಹಾಗಾಗಿ ಡಾರ್ಕ್‌ಟೇಬಲ್‌ನಲ್ಲಿ ಬೆಳಕು ಹೊಂದಿಸಿ, ಸಣ್ಣಪುಟ್ಟ ಕಲೆ ತೆಗೆಯಲು, ಬ್ರಷ್ಷಿನ ಕೆಲಸಕ್ಕೆ ಗಿಂಪ್‌ಗೆ ಹೋಗುವುದು ಸರಿಯಾದ ಕ್ರಮ. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0 ಆವೃತ್ತಿಯಿಂದ ಹಾಕಿದ ಫಿಲ್ಟರನ್ನು ಆಮೇಲೆಯೂ ಬದಲಿಸಬಹುದಾಗಿದೆ.

ಕ್ಯಾಪ್ಚರ್ ಒನ್ ಬಗ್ಗೆಯೂ ಕೇಳುತ್ತಾರೆ. ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿ ಸ್ಟುಡಿಯೋದಲ್ಲಿ ತೆಗೆಯುವವರಿಗೆ, ಮೈಬಣ್ಣವನ್ನು ಸಮಗೊಳಿಸುವ ಉಪಕರಣ ಬೇಕಾದವರಿಗೆ ಅದು ಬಹಳ ಒಳ್ಳೆಯದು, ಬೆಲೆಯೂ ಹಾಗೆಯೇ. ಸ್ಟುಡಿಯೋ ಇಲ್ಲದವರು ಆ ಕಡೆ ನೋಡಬೇಕಿಲ್ಲ.

ಫೋನಿನಲ್ಲಿ

ಫೋನಿನ ಮೊದಲ ತೊಂದರೆ ತಂತ್ರಾಂಶದ್ದಲ್ಲ, ಕ್ಯಾಮೆರಾದ್ದು. ಇಂದಿನ ಫೋನ್‌ಗಳು ಹಲವು ಚಿತ್ರಗಳನ್ನು ಬೆರೆಸಿ ನೆರಳನ್ನೆಲ್ಲ ಬೆಳಗಿಸಿಬಿಡುತ್ತವೆ. ನಮಗೆ ಬೇಕಾದದ್ದು ಅದರ ವಿರುದ್ಧ. ಪ್ರೊ ಮೋಡ್ ಇದ್ದರೆ ರಾ ಆರಿಸಿ. ಇಲ್ಲದಿದ್ದರೆ ಮುಖದ ಬೆಳಕು ಬಿದ್ದ ಭಾಗವನ್ನು ಪರದೆಯಲ್ಲಿ ಒತ್ತಿ, ಸೂರ್ಯನ ಗುರುತನ್ನು ಕೆಳಗೆ ಎಳೆದು ತೆಗೆಯಿರಿ.

ಗೂಗಲ್‌ನ ಸ್ನ್ಯಾಪ್‌ಸೀಡ್ ಪೂರ್ತಿ ಉಚಿತ. ಟ್ಯೂನ್ ಇಮೇಜ್‌ನಲ್ಲಿ ಬ್ರೈಟ್‌ನೆಸ್ ಬಹಳಷ್ಟು ಇಳಿಸಿ, ಆಮೇಲೆ ಮಾಡಿದ ತಿದ್ದುಪಡಿಗಳ ಪಟ್ಟಿ ತೆರೆದು, ಆ ಹಂತವನ್ನು ಬೆರಳಿನಿಂದ ಹಿನ್ನೆಲೆಗೆ ಮಾತ್ರ ಹಚ್ಚಬಹುದು. ಈ ದಾರಿ ಬಹಳ ಮಂದಿಗೆ ಗೊತ್ತಿಲ್ಲ. ಮುಖದ ಮೇಲೆ ಸೆಲೆಕ್ಟಿವ್ ಚುಕ್ಕೆ ಇಟ್ಟು ತುಸು ಬೆಳಗಿಸಿದರೆ ಆಯಿತು. ಎಂಟು ನಿಮಿಷದಲ್ಲಿ ಅಜ್ಜಿಯ ಚಿತ್ರ ಸಿದ್ಧವಾಯಿತು, ಫೋನಿನ ಪರದೆಯಲ್ಲಿ ಚೆನ್ನಾಗಿಯೇ ಇತ್ತು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ಭುಜದ ಅಂಚಿನಲ್ಲಿ ಬೆರಳಿನ ಗುರುತು ಕಂಡಿತು.

ಲೈಟ್‌ರೂಮ್‌ನ ಫೋನ್ ಆವೃತ್ತಿಯ ಉಚಿತ ಭಾಗದಲ್ಲಿ ಕರ್ವ್, ಬಣ್ಣ ಎಲ್ಲ ಇದ್ದರೂ ಮಾಸ್ಕ್‌ಗೆ ಚಂದಾ ಬೇಕು. ಲೋ-ಕೀ ಕೆಲಸಕ್ಕೆ ಮಾಸ್ಕ್ ಇಲ್ಲದೆ ಆಗದು, ಆದ್ದರಿಂದ ಹಣ ಕಟ್ಟದವರು ಸ್ನ್ಯಾಪ್‌ಸೀಡ್‌ನಲ್ಲೇ ಉಳಿಯುವುದು ಒಳ್ಳೆಯದು.

ನಿಮ್ಮ ಕೈಗೆ ಯಾವುದು?

ಎಂಟು ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್, ಪ್ರವೇಶಮಟ್ಟದ ಕ್ಯಾಮೆರಾ, ಕಲಿಯುವ ಹುಮ್ಮಸ್ಸು ಇವಿಷ್ಟು ಇದ್ದರೆ ರಾ ಫೈಲಿಗೆ ಡಾರ್ಕ್‌ಟೇಬಲ್, ಬ್ರಷ್ಷಿನ ಕೆಲಸಕ್ಕೆ ಅಫಿನಿಟಿ ಇಟ್ಟುಕೊಳ್ಳಿ. ಒಂದು ರೂಪಾಯಿಯೂ ಖರ್ಚಿಲ್ಲದೆ ಫೋಟೋಶಾಪ್‌ನ ಹತ್ತಿರದ ಫಲಿತಾಂಶ ಸಿಗುತ್ತದೆ, ತೆರಬೇಕಾದದ್ದು ಸಮಯ. ಗ್ರಾಹಕರಿಗೆ ವಾರದೊಳಗೆ ಆಲ್ಬಮ್ ಕೊಡಬೇಕಾದವರು ಲೈಟ್‌ರೂಮ್-ಫೋಟೋಶಾಪ್ ಜೋಡಿಗೆ ಹೋಗಿ, ಉಳಿಯುವ ಗಂಟೆಗಳೇ ಚಂದಾವನ್ನು ತೀರಿಸುತ್ತವೆ. ಚಿತ್ರ ಫೋನಿನಿಂದ ಫೋನಿಗಷ್ಟೇ ಹೋಗುವುದಾದರೆ ಸ್ನ್ಯಾಪ್‌ಸೀಡ್ ಸಾಕು.

ಉಳಿಸಿದ ಹಣವನ್ನು ಬೆಳಕಿಗೆ ಹಾಕಿ. ಒಂದು ಎಲ್‌ಇಡಿ ಬಲ್ಬು, ಅದನ್ನು ಮರೆಮಾಡಲು ಕಪ್ಪು ರಟ್ಟು, ಹಿಂದೆ ಕಪ್ಪು ಬಟ್ಟೆ. ಬಲ್ಬಿನಿಂದ ಮುಖ ಒಂದು ಮೀಟರ್, ಗೋಡೆ ಮೂರು ಮೀಟರ್ ದೂರವಿದ್ದರೆ ಗೋಡೆಗೆ ನೇರವಾಗಿ ತಲುಪುವ ಬೆಳಕು ಮುಖದ ಒಂಬತ್ತನೇ ಒಂದು ಭಾಗ. ಮೂರು ಸ್ಟಾಪ್‌ಗೂ ಹೆಚ್ಚು ಕತ್ತಲೆ ತಂತ್ರಾಂಶ ಮುಟ್ಟುವ ಮೊದಲೇ ಸಿಕ್ಕಿತು. ನಡುಮಧ್ಯಾಹ್ನದ ಬಯಲಿನಲ್ಲಿ ತೆಗೆದ ಸಪಾಟು ಮುಖಕ್ಕೆ ದಿಕ್ಕುಳ್ಳ ಬೆಳಕನ್ನು ಕೊಡಲು ಫೋಟೋಶಾಪ್‌ನಲ್ಲಿ ಇಡೀ ದಿನ ಬೇಕು, ಕೊಟ್ಟರೂ ನಂಬಿಕೆ ಬರುವುದಿಲ್ಲ.

ತಂತ್ರಾಂಶ ಯಾವುದೇ ಇರಲಿ, ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ ಕೆಲಸ ಮಾಡಿ. ಪೂರ್ತಿ ಬೆಳಕಿನ ಪರದೆ ನೆರಳಿನಲ್ಲಿ ಇಲ್ಲದ ಧೈರ್ಯ ಕೊಡುತ್ತದೆ. ಅಜ್ಜಿಯ ಚಿತ್ರವನ್ನು ಹಾಗೆ ನಂಬಿ 12×18 ಇಂಚಿನ ಮ್ಯಾಟ್ ಕಾಗದದಲ್ಲಿ ಅಚ್ಚು ಹಾಕಿಸಿದಾಗ ಸೆರಗಿನ ಅಂಚು, ಕುತ್ತಿಗೆಯ ಕರಿಮಣಿ ಎರಡೂ ಕಪ್ಪಿನಲ್ಲಿ ಮುಳುಗಿ ಹೋಗಿದ್ದವು. ನೆರಳನ್ನು ಅರ್ಧ ಸ್ಟಾಪ್ ಎತ್ತಿ ಎರಡನೇ ಪ್ರತಿ ಮಾಡಿಸಿದೆ, ಕರಿಮಣಿ ಮರಳಿ ಬಂತು. ಈಗ ದೊಡ್ಡ ಅಚ್ಚಿಗೆ ಕೊಡುವ ಮುನ್ನ ಅದೇ ಕಾಗದದಲ್ಲಿ 4×6ರ ಮೂರು ಪ್ರತಿ ತೆಗೆಸುತ್ತೇನೆ: ಒಂದು ಇದ್ದ ಹಾಗೆ, ಒಂದು ಕಾಲು ಸ್ಟಾಪ್ ಮೇಲೆ, ಒಂದು ಅರ್ಧ ಸ್ಟಾಪ್ ಮೇಲೆ. ಅವುಗಳನ್ನು ಚಿತ್ರ ತೂಗುಹಾಕುವ ಗೋಡೆಯ ಬಳಿಯೇ ಹಿಡಿದು ನೋಡಿ ಆರಿಸುತ್ತೇನೆ.